ಅಟ್ಟ ಬರಿದಾಗುವ ಮುನ್ನ

ಮಲೆನಾಡಿನ ಊರುಗಳಲ್ಲಿ ಈಗೀಗ ಹೊಸದೊಂದು ಸುಗ್ಗಿ ಸೇರಿಕೊಂಡಿದೆ. ಅಡಿಕೆ ಕೊಯ್ಲು ಮುಗಿದು, ರಜೆಗೆ ಮಕ್ಕಳು ಮೊಮ್ಮಕ್ಕಳು ಬಂದಿಳಿಯುವ ದಿನಗಳಲ್ಲಿ ಯಾವುದಾದರೊಂದು ಹಳೆಯ ಮನೆಯ ಅಂಗಳದಲ್ಲಿ ಅಟ್ಟದ ಸಾಮಾನು ಇಳಿದು ಹರಡಿಕೊಂಡಿರುತ್ತದೆ. ಒಂದು ಕಾಲಕ್ಕೆ ಇಪ್ಪತ್ತು ಮೂವತ್ತು ಜನ ಉಂಡು ಮಲಗುತ್ತಿದ್ದ ಮನೆಯಲ್ಲಿ ಈಗ ಉಳಿದವರು ಇಬ್ಬರು ವೃದ್ಧರು. ಮಕ್ಕಳು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಅದಕ್ಕೂ ದೂರದಲ್ಲೋ ನೆಲೆಸಿದ್ದಾರೆ. ಮಳೆಗಾಲಕ್ಕೆ ಮುಂಚೆ ಹಂಚು ಸರಿಪಡಿಸಲು ಜನ ಸಿಗುವುದಿಲ್ಲ. ಪಕಾಸಿಗೆ ಗೆದ್ದಲು ಹತ್ತಿದರೆ ಬದಲಿಸಲು ಮರ ಸಿಗುವುದಿಲ್ಲ. ಅಷ್ಟು ದೊಡ್ಡ ನೆಲವನ್ನು ಗುಡಿಸಿ ಸಾರಿಸಲು ಸೊಂಟದಲ್ಲಿ ಶಕ್ತಿ ಉಳಿದಿಲ್ಲ. ಕೊನೆಗೊಂದು ನಿರ್ಧಾರವಾಗುತ್ತದೆ. ಹಳೆಯ ಮನೆ ಬಿಚ್ಚಿ ಪಕ್ಕದಲ್ಲೇ ಎರಡು ಕೋಣೆಯ ತಾರಸಿ ಮನೆ ಕಟ್ಟುವುದು, ಇಲ್ಲವೇ ಬೀಗ ಹಾಕಿ ಪೇಟೆಗೆ ಹೋಗುವುದು. ಯಾವುದಾದರೂ ಸರಿ, ಮೂರು ನಾಲ್ಕು ತಲೆಮಾರಿನ ಸಾಮಾನು ಎರಡು ಕೋಣೆಗೆ ಹಿಡಿಸುವಷ್ಟಕ್ಕೆ ಇಳಿಯಬೇಕು.

ಅಂಗಳದ ನಡುವೆ ನಿಂತ ಮಗ ಒಂದೊಂದನ್ನೇ ಎತ್ತಿ ಕೇಳುತ್ತಾನೆ: "ಈ ಭರಣಿ ಎಂತಕ್ಕಮ್ಮಾ? ಬಾಯಿ ಒಡೆದಿದೆ."

"ಇರಲಿ ಬಿಡು ಮಾರಾಯ. ಅದರಲ್ಲಿ ನಿನ್ನ ಅಜ್ಜಿ ಹೊಳೆದಂಡೆ ಮರದ ಮಿಡಿ ಮಾತ್ರ ಹಾಕುತ್ತಿದ್ದದ್ದು."

"ಯಾವ ಮರ?"

"ಸೇತುವೆ ಕಟ್ಟುವಾಗ ಕಡಿದರಲ್ಲ, ಅದು."

ಮಗ ಭರಣಿಯನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು, ಬಿಸಾಡುವ ರಾಶಿಗೆ ಸೇರಿಸುತ್ತಾನೆ. ತಾಯಿ ಮತ್ತೇನೂ ಹೇಳುವುದಿಲ್ಲ. ಸ್ವಲ್ಪ ಹೆಚ್ಚುಕಡಿಮೆಯೊಂದಿಗೆ ಇದೇ ಸಂಭಾಷಣೆ ತೀರ್ಥಹಳ್ಳಿಯಿಂದ ಯಲ್ಲಾಪುರದವರೆಗೆ ನೂರಾರು ಅಂಗಳಗಳಲ್ಲಿ ನಡೆಯುತ್ತಿದೆ. ಇದನ್ನು ಒಂದು ಕುಟುಂಬದ ಖಾಸಗಿ ವಿಚಾರವೆಂದು ತಿಳಿದು ನೆರೆಯವರು ದೂರ ನಿಲ್ಲುತ್ತಾರೆ. ಆದರೆ ಆ ಅಂಗಳದಲ್ಲಿ ವಿಂಗಡಣೆಯಾಗುತ್ತಿರುವುದು ಒಂದು ಮನೆಯ ನೆನಪಷ್ಟೇ ಆಗಿರುವುದಿಲ್ಲ. ಒಂದು ಹೊಳೆದಂಡೆಯ, ಒಂದು ಕಾಡಂಚಿನ, ಆ ಮನೆಯ ಸುತ್ತ ದುಡಿದು ಬದುಕಿದ ಹತ್ತಾರು ಕುಟುಂಬಗಳ ಚರಿತ್ರೆಯೂ ಅದರೊಂದಿಗೆ ವಿಂಗಡಣೆಯಾಗುತ್ತಿರುತ್ತದೆ.

ಇಂಥ ವಿಂಗಡಣೆ ಈ ಸೀಮೆಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ, ಅದಕ್ಕೂ ಮುಂಚೆ 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಮುಗಿದಾಗ, ಶರಾವತಿ ಕಣಿವೆಯ ಜನ ಏರುತ್ತಿರುವ ನೀರನ್ನು ಬೆನ್ನಿಗಿಟ್ಟುಕೊಂಡು ಏನನ್ನು ಹೊರುವುದು, ಏನನ್ನು ಬಿಡುವುದು ಎಂದು ತೀರ್ಮಾನಿಸಬೇಕಾಯಿತು. ಅವರಿಗೆ ಕಾಲಾವಕಾಶವೂ ಇರಲಿಲ್ಲ, ಆಯ್ಕೆಯೂ ಇರಲಿಲ್ಲ. ಇಂದು ಮನೆ ಕಿರಿದು ಮಾಡುವವರಿಗೆ ಇವೆರಡೂ ಇವೆ. ಮುಳುಗಡೆಯವರಿಗೆ ಸಿಗದ ಈ ಬಿಡುವನ್ನು ಒಂದು ಭಾನುವಾರದ ಗಡಿಬಿಡಿಯಲ್ಲಿ ಕಳೆದುಬಿಡುವುದು ವಿವೇಕವಲ್ಲ.

ಮೂರು ರಾಶಿ

ಅಂಗಳದಲ್ಲಿ ಸಾಮಾನ್ಯವಾಗಿ ಮೂರು ರಾಶಿ ಬೀಳುತ್ತವೆ. ಮೊದಲನೆಯದು ಬೆಲೆಯುಳ್ಳದ್ದು: ಹಿತ್ತಾಳೆಯ ಕೊಪ್ಪರಿಗೆ, ತಾಮ್ರದ ಹಂಡೆ, ಕೆತ್ತನೆಯ ಕಂಬ, ಬೀಟೆಯ ಪೆಟ್ಟಿಗೆ. ಇದನ್ನು ಪಾಲು ಮಾಡಲು ಅಣ್ಣತಮ್ಮಂದಿರು ಕೂತು ಲೆಕ್ಕ ಹಾಕುತ್ತಾರೆ. ಎರಡನೆಯದು ಕಣ್ಣೀರಿನದು: ಅಜ್ಜಿಯ ಧಾರೆ ಸೀರೆ, ಅಜ್ಜನ ಊರುಗೋಲು, ಸತ್ತ ಮಗುವಿನ ಬೆಳ್ಳಿಯ ಉಡಿದಾರ, ಗೋಡೆಯ ಭಾವಚಿತ್ರಗಳು. ಇವನ್ನು ಯಾರೂ ಬೇಕೆನ್ನುವುದಿಲ್ಲ, ಬೇಡವೆನ್ನುವ ಧೈರ್ಯವೂ ಯಾರಿಗೂ ಇಲ್ಲ. ಮೂರನೆಯದು ಬೆಂಕಿಯದು: ಕಾಗದದ ಕಟ್ಟು, ಹುಳು ಹಿಡಿದ ಪಂಚಾಂಗ, ಒಡೆದ ಭರಣಿಯ ಮುಚ್ಚಳ, ಬೂದಿಯಲ್ಲಿ ಬೆರೆಸಿಟ್ಟ ಬೀಜದ ಗಂಟು, ಹಳೆಯ ಗೊರಬು, ಮುರಿದ ಕೊಳಗ. ಸಂಜೆಯಾಗುವಷ್ಟರಲ್ಲಿ ಇದಕ್ಕೆ ಕಡ್ಡಿ ಗೀರಿ ಆಗಿರುತ್ತದೆ.

ಮೊದಲ ರಾಶಿಗೆ ಮಾರುಕಟ್ಟೆಯಿದೆ. ಅದು ಹೇಗಾದರೂ ಎಲ್ಲಾದರೂ ಉಳಿದೀತು. ಎರಡನೆಯದಕ್ಕೆ ಮನಸ್ಸಿದೆ, ಒಂದು ತಲೆಮಾರಿನ ಮಟ್ಟಿಗೆ ಅದೂ ಉಳಿದೀತು. ಊರಿನ ದೃಷ್ಟಿಯಿಂದ ನೋಡಿದರೆ ಅತ್ಯಂತ ಬೆಲೆಬಾಳುವುದು ಮೂರನೆಯ ರಾಶಿ. ಅದಕ್ಕೆ ಗಿರಾಕಿಯೂ ಇಲ್ಲ, ಅಳುವವರೂ ಇಲ್ಲ.

ತೂಕಕ್ಕೆ ಹೋಗುವ ಹೆಸರು

ಬೆಲೆಯುಳ್ಳ ರಾಶಿಯ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಲಾಯಿ ಹಾಕುವವರು ಊರಿಗೆ ಬರುವುದು ನಿಂತ ಮೇಲೆ ಹಿತ್ತಾಳೆ ಪಾತ್ರೆ ಅಡುಗೆಗೆ ಒದಗುವುದಿಲ್ಲ. ಹಂಡೆಯ ಜಾಗಕ್ಕೆ ಸೋಲಾರ್ ಬಂದಿದೆ. ಉಪಯೋಗವಿಲ್ಲದ ನಲವತ್ತು ಪಾತ್ರೆಗಳನ್ನು ಎರಡು ಕೋಣೆಯಲ್ಲಿ ತುಂಬಿಕೊಂಡು ವೃದ್ಧರು ಅವುಗಳ ನಡುವೆ ಎಡವಿ ಬೀಳಬೇಕೆಂದು ಯಾರೂ ಹೇಳಲಾರರು. ಐವತ್ತು ವರ್ಷ ಆ ಕೊಪ್ಪರಿಗೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದ ಹೆಣ್ಣುಮಗಳಿಗೆ ಅವು ಮನೆಬಿಟ್ಟು ಹೋಗುವುದು ಬಿಡುಗಡೆಯೂ ಆಗಿರಬಹುದು. ಆ ಬಿಡುಗಡೆಯನ್ನು ಭಾವುಕತೆಯ ಹೆಸರಿನಲ್ಲಿ ತಡೆಯುವುದು ಅನ್ಯಾಯ.

ಆದರೆ ಮಾರುವ ಮುನ್ನ ಪಾತ್ರೆಯ ಕಂಠವನ್ನೊಮ್ಮೆ ನೋಡಬೇಕು. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಊರು, ಕೆಲವೊಮ್ಮೆ ಇಸವಿ ಇರುತ್ತವೆ. ಯಾವ ಹೆಣ್ಣುಮಗಳು ಯಾವ ತವರಿನಿಂದ ಯಾವ ವರ್ಷ ಈ ಮನೆಗೆ ಬಂದಳೆಂಬುದಕ್ಕೆ ಎಷ್ಟೋ ಮನೆಗಳಲ್ಲಿ ಅದೊಂದೇ ಬರಹದ ಸಾಕ್ಷಿ. ವಂಶಾವಳಿಯ ಪಟ್ಟಿಗಳಲ್ಲಿ ಗಂಡಸರ ಹೆಸರು ಮಾತ್ರ ಇರುತ್ತದೆ. ಹೆಂಗಸರ ಹೆಸರು ಪಾತ್ರೆಗಳ ಮೇಲಿದೆ. ಪಾತ್ರೆ ಗುಜರಿಯ ತಕ್ಕಡಿಗೆ ಹೋಗಲಿ, ಹೆಸರನ್ನು ಒಂದು ಪುಸ್ತಕಕ್ಕೆ ಇಳಿಸಿಕೊಳ್ಳಲು ಐದು ನಿಮಿಷ ಸಾಕು. ಇದೇ ಕಾರಣಕ್ಕೆ ವಿಂಗಡಣೆಯ ದಿನ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಕರೆಯಬೇಕು. ಯಾವ ವಸ್ತು ಯಾತಕ್ಕೆ, ಯಾರದ್ದು ಎಂಬುದು ಅದನ್ನು ಬಳಸಿದವರಿಗೆ ಗೊತ್ತಿರುತ್ತದೆ, ಪಾಲು ಕೇಳುವವರಿಗಲ್ಲ.

ಕಂಬ, ತೊಲೆ, ಬಾಗಿಲುಗಳ ವಿಷಯ ಬೇರೆ. ಹಲಸು, ಹೊನ್ನೆ, ಬೀಟೆ, ಮತ್ತಿ: ಹಳೆಯ ಮನೆಯೆಂದರೆ ಒಂದು ಕಾಲದ ಕಾಡಿನ ತುಣುಕು ನೆಟ್ಟಗೆ ನಿಂತಂತೆ. ಅಂಥ ಸುತ್ತಳತೆಯ ಮರ ಇಂದು ಊರ ಸುತ್ತಲಿನ ಬೆಟ್ಟದಲ್ಲಿ ಹುಡುಕಿದರೂ ಕಾಣದು. ಅದನ್ನು ದೂರದ ಹೋಟೆಲೊಂದರ ಅಲಂಕಾರಕ್ಕೆ ಕಳಿಸುವುದಕ್ಕಿಂತ ಹೊಸ ಮನೆಯ ಬಾಗಿಲಿಗೋ ಊರ ಶಾಲೆಯ ಮಾಡಿಗೋ ಬಳಸುವುದು ಮೇಲು. ಆ ಮಟ್ಟಿಗೆ ಒಂದು ಹಸಿಮರ ಉಳಿದಂತಾಗುತ್ತದೆ. ಬಿಚ್ಚಿದ ಮರಮುಟ್ಟನ್ನು ಸಾಗಿಸುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ನೂರು ವರ್ಷ ಮೀರಿದ ವಿಗ್ರಹ, ಕೆತ್ತನೆಗಳಿಗೂ 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳಿಗೂ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಅನ್ವಯಿಸುತ್ತದೆಂಬುದನ್ನು, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆಂಬುದನ್ನು, ಜೀಪಿನಲ್ಲಿ ಬಂದು ಅಂಗಳದಲ್ಲೇ ನೋಟು ಎಣಿಸುವ ಮಧ್ಯವರ್ತಿ ಹೇಳುವುದಿಲ್ಲ.

ಬೆಂಕಿಗೆ ಬೀಳುವ ಕಾಗದ

ಮೂರನೆಯ ರಾಶಿಯಲ್ಲಿ ಮೊದಲು ಸುಡುವುದು ಕಾಗದ. ಅದು ಧೂಳು, ಅದು ಗೆದ್ದಲು, ಅದರ ಮೋಡಿ ಅಕ್ಷರವನ್ನು ಓದುವವರಿಲ್ಲ. ಆದರೆ ಆ ಕಟ್ಟಿನೊಳಗೆ ಏನಿರುತ್ತದೆಂಬುದನ್ನು ನೋಡಬೇಕು.

ಪಂಚಾಂಗದ ಅಂಚಿನಲ್ಲಿ ಮನೆಯ ಹಿರಿಯರು ಬರೆದಿಟ್ಟ ಟಿಪ್ಪಣಿಗಳಿರುತ್ತವೆ: ಮೊದಲ ಮಳೆ ಬಿದ್ದ ದಿನ, ಹೊಳೆ ಯಾವ ಮೆಟ್ಟಿಲವರೆಗೆ ಏರಿತು, ಯಾವ ನಕ್ಷತ್ರದಲ್ಲಿ ಅಗೆ ಹಾಕಿದ್ದು, ಹಸು ಕರು ಹಾಕಿದ್ದು. ಇಂಥ ಮೂವತ್ತು ವರ್ಷದ ಪಂಚಾಂಗಗಳ ಸಾಲೆಂದರೆ ಆ ಕಣಿವೆಯ ಮೂವತ್ತು ವರ್ಷಗಳ ಮಳೆಯ ಚರಿತ್ರೆ. ಹವಾಮಾನ ಬದಲಾಗಿದೆಯೆಂದು ಎಲ್ಲರೂ ಮಾತಾಡುವ ಈ ಕಾಲದಲ್ಲಿ, ಒಂದು ಹಳ್ಳಿಯ ಮಟ್ಟದ ದಾಖಲೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಅಟ್ಟದ ಮೇಲೆ ಮಾತ್ರ ಸಿಗುತ್ತದೆ. ಖರ್ಚಿನ ಲೆಕ್ಕದ ಪುಸ್ತಕವೂ ಹಾಗೆಯೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಆ ಬಳಿಕ ಮನೆಯ ಲೆಕ್ಕದಲ್ಲಿ ಮೈಲುತುತ್ತದ ಖರ್ಚು ಮೊದಲ ಬಾರಿ ಕಾಣುವ ವರ್ಷ, ಅದು ಇಮ್ಮಡಿಯಾದ ವರ್ಷ, ಸಾಲ ಏರಿದ ವರ್ಷ ಇವನ್ನು ಜೋಡಿಸಿದರೆ ಆ ತೋಟದ ರೋಗಚರಿತ್ರೆಯೇ ಎದ್ದು ನಿಲ್ಲುತ್ತದೆ. ಕೃಷಿ ಕಾಲೇಜಿನ ವಿದ್ಯಾರ್ಥಿಯೊಬ್ಬನಿಗೆ ಇದಕ್ಕಿಂತ ಒಳ್ಳೆಯ ಪಠ್ಯ ದೊರೆಯಲಾರದು.

ಅದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನು ಅವಲಂಬಿಸಿ ಬದುಕಿದ್ದನ್ನು ತೋರಿಸಬೇಕು. ಶಿವಮೊಗ್ಗ, ಉತ್ತರ ಕನ್ನಡಗಳಲ್ಲಿ ಈ ಸಾಕ್ಷ್ಯ ಒದಗಿಸಲಾಗದೆ ಅರ್ಜಿ ತಿರಸ್ಕೃತವಾದ ಕುಟುಂಬಗಳು ಬಹಳ. ಕೂಲಿಯವನ, ಒಕ್ಕಲಿನವನ ಗುಡಿಸಲಿನಲ್ಲಿ ಕಾಗದ ಉಳಿಯುವುದು ಸಾಧ್ಯವಿರಲಿಲ್ಲ. ಆದರೆ ಅವರ ಅಜ್ಜನ ಹೆಸರು, ಅವನಿಗೆ ಅಳೆದುಕೊಟ್ಟ ಭತ್ತ, ಅವನು ವಾಸವಿದ್ದ ಜಾಗ, ಇಸವಿ ಎಲ್ಲವೂ ದೊಡ್ಡಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿರುವ ಸಂಭವವಿದೆ. ಕಾಯ್ದೆಯ ನಿಯಮಗಳ 13ನೆಯ ನಿಯಮ ಸರ್ಕಾರಿ ದಾಖಲೆಯನ್ನಷ್ಟೇ ಅಲ್ಲದೆ ಮನೆ, ಬಾವಿ, ಸ್ಮಶಾನದಂಥ ನೆಲದ ಕುರುಹುಗಳನ್ನು, ವಂಶಾವಳಿಯನ್ನು, ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತದೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕೆನ್ನುತ್ತದೆ. ಲೆಕ್ಕದ ಪುಸ್ತಕದ ಒಂದು ಹಾಳೆಯೇ ಹಕ್ಕುಪತ್ರ ಕೊಡಿಸೀತೆಂದು ಹೇಳಲಾಗದು. ಹಿರಿಯರ ಬಾಯಿಮಾತಿಗೆ ಅದು ಬಲ ಕೊಡಬಲ್ಲದೆಂಬುದು ಮಾತ್ರ ನಿಜ. ಹೀಗಿರುವಾಗ ಒಬ್ಬರು ತಮ್ಮ ಅಂಗಳದ ಕಸವೆಂದು ಸುಡುವ ಕಟ್ಟು ಇನ್ನೊಬ್ಬರ ನೆಲದ ಆಧಾರವಾಗಿರಬಹುದು. ಅದನ್ನು ಸುಡುವ ಹಕ್ಕು ಮನೆಯವರಿಗೆ ಮಾತ್ರ ಸೇರಿದ್ದೇ ಎಂಬ ಪ್ರಶ್ನೆಯನ್ನು ಊರು ಕೇಳಿಕೊಳ್ಳಬೇಕಾಗಿದೆ.

ಓದಲಾಗದ ಲಿಪಿಯೆಂಬುದೂ ಸುಡಲು ಕಾರಣವಾಗಬಾರದು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟರು. ಅದರಲ್ಲಿದ್ದದ್ದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಪ್ರತಿಯೊಂದು ಅಟ್ಟದಲ್ಲೂ ಅರ್ಥಶಾಸ್ತ್ರ ಇರುವುದಿಲ್ಲ. ಇರುವುದು ಹಳ್ಳಿವೈದ್ಯದ ಮೂಲಿಕೆಯ ಪಟ್ಟಿ, ದನದ ರೋಗದ ಮದ್ದು, ಕೆರೆಯ ನೀರಿನ ಸರದಿ. ಮಲೆನಾಡಿಗೆ ಬೇಕಾದದ್ದೂ ಅದೇ. ಸಾಗರದ ಬಳಿಯ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯವೂ ಸೇರಿದಂತೆ ಇಂಥ ಕಟ್ಟುಗಳು ಸಂಗ್ರಹವಾಗಿವೆ. ಲಿಪಿ ಬಲ್ಲವರ ಕಣ್ಣಿಗೆ ಒಮ್ಮೆ ತೋರಿಸದೆ ಯಾವ ತಾಳೆಗರಿಯನ್ನೂ ಬೆಂಕಿಗೆ ಹಾಕಬಾರದು, ನೀರಿಗೆ ಬಿಡಲೂಬಾರದು.

ಕೊಳಗ ಯಾರ ನೆನಪು

ಹಳೆಯ ಮನೆಯ ನೆನಪು ಎಲ್ಲರಿಗೂ ಒಂದೇ ರುಚಿಯದಲ್ಲ. ಅಟ್ಟದಿಂದ ಇಳಿಯುವ ಕೊಳಗವನ್ನೇ ನೋಡಬಹುದು. ಮನೆಯವರಿಗೆ ಅದು ತುಂಬಿದ ಕಣಜದ ನೆನಪು. ಗೇಣಿ ಅಳೆದುಕೊಟ್ಟವರ ಮೊಮ್ಮಕ್ಕಳಿಗೆ ಅದೇ ಕೊಳಗ ಬೇರೊಂದು ನೆನಪು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದಾಗ ಅವರ ಮುಖ್ಯ ತಕರಾರುಗಳಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಒಂದಾಗಿತ್ತು. ರಾಮಮನೋಹರ ಲೋಹಿಯಾ ಆ ಹೋರಾಟದಲ್ಲಿ ಪಾಲ್ಗೊಂಡು ಬಂಧಿತರಾದರು. 1974ರ ಭೂಸುಧಾರಣಾ ತಿದ್ದುಪಡಿಯೊಂದಿಗೆ ಗೇಣಿ ಪದ್ಧತಿಗೆ ಕೊನೆ ಬಂತು. ಆ ಚರಿತ್ರೆಯ ಸಾಕ್ಷಿಯಾದ ಕೊಳಗ ಇಂದು ನಗರದ ಮನೆಯೊಂದರಲ್ಲಿ ಹೂಕುಂಡವಾಗಿ ಕೂತಿದ್ದರೆ, ಅದರ ಅಂದವನ್ನು ಹೊಗಳುವವರಿಗೆ ಅದರ ಅಳತೆ ತಿಳಿಯದು.

ಆದ್ದರಿಂದ ನೆನಪಿನ ವಸ್ತುಗಳನ್ನು ಉಳಿಸುವುದೆಂದರೆ ಹಿಂದಿನ ಕಾಲವನ್ನು ಕೊಂಡಾಡುವುದೆಂದು ತಿಳಿಯಬೇಕಾಗಿಲ್ಲ. ಒನಕೆಯ ನುಣುಪಿನಲ್ಲಿ ಹೆಂಗಸರ ತೋಳಿನ ದಣಿವಿದೆ. ಮೆಟ್ಟುಗತ್ತಿಯ ಹಲಗೆಯ ಮೇಲೆ ಅಡಿಕೆ ಸುಲಿದವರ ರಾತ್ರಿಗಳಿವೆ. ಕೆತ್ತನೆಯ ಕಂಬವನ್ನು ಕಾಡಿನಿಂದ ಹೊತ್ತು ತಂದ ಹೆಗಲುಗಳ ಹೆಸರು ಎಲ್ಲಿಯೂ ಬರೆದಿಲ್ಲ. ವಸ್ತುವಿನ ಜೊತೆಗೆ ಈ ಸತ್ಯವನ್ನೂ ಬರೆದಿಡುವುದಾದರೆ ಮಾತ್ರ ಅದನ್ನು ಇಟ್ಟುಕೊಳ್ಳುವುದಕ್ಕೆ ಅರ್ಥವಿದೆ.

ದೊಡ್ಡಮನೆಗಳ ಅಟ್ಟದ ಮಾತಾಡುವಾಗ ಸಣ್ಣ ಮನೆಗಳ ಗೋಡೆ ಮರೆತುಹೋಗುತ್ತದೆ. ದೀವರ ಮನೆಗಳ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬಣ್ಣ ತುಂಬುವ ಭೂಮಣ್ಣಿ ಬುಟ್ಟಿ ಇವೂ ಮನೆತನದ ಒಡವೆಗಳೇ. ಮಣ್ಣಿನ ಗೋಡೆ ಕೆಡವಿ ಸಿಮೆಂಟಿನ ಗೋಡೆ ಎಬ್ಬಿಸುವಾಗ ಚಿತ್ತಾರ ಯಾವ ರಾಶಿಗೂ ಸೇರದೆ ಮಣ್ಣಾಗುತ್ತದೆ. ಗೋಡೆಯನ್ನು ಹೊತ್ತೊಯ್ಯಲಾಗದು, ಕೆಡವುವ ಮುನ್ನ ಒಂದು ಛಾಯಾಚಿತ್ರ ತೆಗೆಯಬಹುದು, ಬರೆದ ಕೈ ಯಾರದೆಂದು ಕೇಳಿ ಗುರುತಿಟ್ಟುಕೊಳ್ಳಬಹುದು. ಆ ಕೈಗೆ ಇನ್ನೂ ಶಕ್ತಿಯಿದ್ದರೆ ಹೊಸ ಗೋಡೆಯ ಮೇಲೆ ಬರೆಯಲು ಕರೆಯಬಹುದು.

ಕೊಟ್ಟರೆ ಮಾತ್ರ ಉಳಿಯುವಂಥವು

ಪೆಟ್ಟಿಗೆಯಲ್ಲಿಟ್ಟರೆ ಉಳಿಯದೆ, ಕೊಟ್ಟರೆ ಮಾತ್ರ ಉಳಿಯುವ ಆಸ್ತಿಯೂ ಅಟ್ಟದಲ್ಲಿದೆ. ಅಡುಗೆಮನೆಯ ಹೊಗೆ ತಾಗುವಂತೆ ನೇತುಹಾಕಿದ ಹೀರೆ, ಸೋರೆ, ಮೊಗೆಕಾಯಿಯ ಬೀಜಗಳು, ಮಡಕೆಯ ತಳದ ಬಿತ್ತನೆ ಭತ್ತ. ವರದಾ ನದಿಯ ಬಯಲಿನಲ್ಲಿ ನೆರೆ ಬಂದು ಗದ್ದೆ ದಿನಗಟ್ಟಲೆ ಮುಳುಗಿದರೂ ತಡೆದುಕೊಳ್ಳುವ ನೆರೆಗುಳಿಯಂಥ ತಳಿಗಳು ಇಂಥ ಮಡಕೆಗಳಿಂದಲೇ ಬಂದವು. ಮಲೆನಾಡಿನ ಥಂಡಿಯಲ್ಲಿ ಭತ್ತದ ಬೀಜ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಅಜ್ಜಿಯ ನೆನಪಿಗೆಂದು ಗಾಜಿನ ಸೀಸೆಯಲ್ಲಿ ತುಂಬಿ ಪೇಟೆಯ ಕಪಾಟಿನಲ್ಲಿಟ್ಟರೆ ಅದು ನಿರ್ಜೀವ ಕಾಳು. ಬಿತ್ತುವವರಿಗೆ ಒಂದು ಹಿಡಿ ಕೊಟ್ಟರೆ ಮುಂದಿನ ಕಾರ್ತೀಕಕ್ಕೆ ಅದು ತೆನೆ. ಶಿರಸಿ ಸೀಮೆಯಲ್ಲಿ ವನಸ್ತ್ರೀ ಬಳಗದ ಮಹಿಳೆಯರು 2001ರಿಂದ ಕೈತೋಟದ ಬೀಜಗಳನ್ನು ಹೀಗೆ ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ. ಮನೆ ಬಿಡುವವರು ಕೊನೆಯ ದಿನ ಮಾಡಬಹುದಾದ ಅತ್ಯುತ್ತಮ ದಾನವೆಂದರೆ ಬೀಜದ ಗಂಟು.

ಒಡೆದ ಬಾಯಿಯ ಭರಣಿಯೂ ಇದೇ ಜಾತಿಯದು. ಅಪ್ಪೆಮಿಡಿಯ ಮರಗಳು ಅಘನಾಶಿನಿ, ಶರಾವತಿ, ಬೇಡ್ತಿ, ಕಾಳಿ, ವರದಾ ಹೊಳೆಗಳ ದಂಡೆಯಲ್ಲಿ ತಾವಾಗಿ ಬೆಳೆದಂಥವು. ಒಂದೊಂದು ಮರದ ಪರಿಮಳ ಒಂದೊಂದು ಬಗೆ. ಸೊನೆಯ ಕಟು, ಹುಳಿಯ ಪ್ರಮಾಣ, ವರ್ಷಗಟ್ಟಲೆ ಕೆಡದೆ ನಿಲ್ಲುವ ಗುಣ ಬೇರೆ ಬೇರೆ. ಯಾವ ಮರದ ಮಿಡಿ ಯಾವ ಭರಣಿಗೆ ಎಂಬ ಜ್ಞಾನ ಪುಸ್ತಕದಲ್ಲಿಲ್ಲ. ಅದಿರುವುದು ಉಪ್ಪಿನಕಾಯಿ ಹಾಕಿದವರ ಮೂಗಿನಲ್ಲಿ, ನಾಲಗೆಯಲ್ಲಿ. ಮೇಲೆ ಹೇಳಿದ ಅಂಗಳದಲ್ಲಿ ಮಗ "ಯಾವ ಮರ" ಎಂದು ಕೇಳಿ ಅಲ್ಲಿಗೇ ನಿಲ್ಲಿಸಿದ. ಆ ಮರದ ಕಸಿಕಡ್ಡಿಯನ್ನು ಕಡಿಯುವ ಮುಂಚೆ ಯಾರಾದರೂ ಒಯ್ದಿದ್ದರೇ ಎಂದು ಕೇಳಿದ್ದರೆ, ನೆರೆಯೂರಿನ ಯಾವುದೋ ಹಿತ್ತಲಿನಲ್ಲಿ ಅದರ ಸಂತತಿ ಇಂದಿಗೂ ಸಿಗುತ್ತಿತ್ತೋ ಏನೋ. ಭರಣಿ ಉಳಿಯಬೇಕಾಗಿರಲಿಲ್ಲ. ಪ್ರಶ್ನೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾಗಿತ್ತು.

ಗೋಡೆಯ ಮೇಲಿನ ಕೋಡು

ಮಲೆನಾಡಿನ ಚಾವಡಿಗಳಲ್ಲಿ ಕಡವೆಯ, ಜಿಂಕೆಯ ಕೋಡುಗಳು, ಎಲ್ಲೋ ಒಂದು ಕಡೆ ಹುಲಿಯುಗುರಿನ ಪದಕ ಇರುವುದುಂಟು. ಅಜ್ಜನ ಶೌರ್ಯದ ನೆನಪೆಂದು ಅವನ್ನು ಹೊಸ ಮನೆಗೆ ಒಯ್ಯಲು ಮಕ್ಕಳು ಬಯಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಇಂಥ ವಸ್ತುಗಳನ್ನು ಇಟ್ಟುಕೊಳ್ಳುವುದು ಅಪರಾಧ; ಮಾರುವುದು ಇನ್ನೂ ದೊಡ್ಡ ಅಪರಾಧ. ಬಳಿಯಲ್ಲಿರುವುದನ್ನು ಘೋಷಿಸಿಕೊಳ್ಳಲು 2003ರಲ್ಲಿ ಕೇಂದ್ರ ಸರ್ಕಾರ 180 ದಿನಗಳ ಅವಕಾಶ ನೀಡಿತ್ತು. ಬಹಳ ಮನೆಗಳಿಗೆ ಆ ಸುದ್ದಿಯೇ ಮುಟ್ಟಲಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳ ವಿಚಾರವಾಗಿ ರಾಜ್ಯದಲ್ಲಿ ತನಿಖೆ ನಡೆದಾಗ ಹಲವರು ಗಾಬರಿಗೊಂಡರು. ಇಂಥ ವಸ್ತು ಇರುವವರು ಅದನ್ನು ಹಳ್ಳಕ್ಕೆಸೆಯುವ, ಗುಟ್ಟಾಗಿ ಮಾರುವ ದಾರಿ ಹಿಡಿಯದೆ, ತಿಳಿದ ವಕೀಲರನ್ನು ಕೇಳಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗುವುದೇ ಸರಿ. ಆ ಪ್ರಾಣಿ ಯಾವ ಬೆಟ್ಟದಲ್ಲಿತ್ತು, ಯಾವ ಕಾಲದವರೆಗೆ ಅಲ್ಲಿ ಕಾಣುತ್ತಿತ್ತು ಎಂಬ ಹಿರಿಯರ ಮಾತನ್ನು ಬರೆದಿಟ್ಟುಕೊಂಡರೆ ಆ ನೆನಪು ಕೋಡಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಸಂಗ್ರಹಾಲಯದ ಮಿತಿ

ಇಷ್ಟನ್ನೆಲ್ಲ ಸಂಗ್ರಹಾಲಯಗಳಿಗೆ ಕೊಟ್ಟುಬಿಟ್ಟರಾಯಿತೆಂಬ ಮಾತಿದೆ. ಸಂಗ್ರಹಾಲಯಗಳ ಸೇವೆ ದೊಡ್ಡದು. ಕುಪ್ಪಳಿಯ ಕವಿಮನೆಯಲ್ಲಿ ಓಡಾಡಿದ ಮಕ್ಕಳಿಗೆ ಮಲೆನಾಡಿನ ಮನೆಯೆಂದರೇನೆಂಬುದು ಪಾಠವಿಲ್ಲದೆ ತಿಳಿಯುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹರ್ಕೂರು ಒಳಗಿನಮನೆ, ಮಿಯಾರು ಮನೆಗಳಂಥ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ಅವರಿಲ್ಲದಿದ್ದರೆ ಆ ಮರಮುಟ್ಟು ಚದುರಿಹೋಗುತ್ತಿತ್ತು. ಆದರೆ ಪ್ರತಿ ಮನೆಯ ಒರಳು, ಬೀಸುಕಲ್ಲುಗಳಿಗೆ ಜಾಗ ಕೊಡಲು ಯಾವ ಸಂಗ್ರಹಾಲಯಕ್ಕೂ ಆಗದು. ಅಲ್ಲದೆ ಮೂಲದ ಊರಿನಿಂದ ದೂರ ಸರಿದ ವಸ್ತು ಮೆಲ್ಲಗೆ ತನ್ನ ಹೊಳೆ, ಬೆಟ್ಟ, ಜನರ ಹೆಸರನ್ನು ಕಳೆದುಕೊಂಡು ಕೇವಲ ಮಾದರಿಯಾಗುತ್ತದೆ. ಊರಿನ ನೆನಪನ್ನು ಇಟ್ಟುಕೊಳ್ಳುವ ಮೊದಲ ಹೊಣೆ ಊರಿನದೇ.

ಊರು ಮಾಡಬಹುದಾದದ್ದು

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಸ್ಥಳೀಯ ತಳಿ, ಮೂಲಿಕೆ, ಅವುಗಳಿಗೆ ಸಂಬಂಧಿಸಿದ ಪಾರಂಪರಿಕ ಜ್ಞಾನ ಎಲ್ಲವೂ ಅದರಲ್ಲಿ ಸೇರತಕ್ಕದ್ದು. ಬಹಳ ಕಡೆ ಇದು ಕಚೇರಿಯಲ್ಲಿ ಕೂತು ತುಂಬಿದ ಪಟ್ಟಿಯಾಗಿದೆ. ಹಳೆಯ ಮನೆಯೊಂದು ಬರಿದಾಗುವ ದಿನ ಈ ದಾಖಲಾತಿಗೆ ಜೀವ ತುಂಬುವ ದಿನವಾಗಬಹುದು.

ಇದಕ್ಕೆ ಹಣ ಬೇಕಿಲ್ಲ. ಮನೆ ಕಿರಿದು ಮಾಡಲು ಹೊರಟವರು ಒಂದು ವಾರ ಮುಂಚೆ ಸಮಿತಿಗೂ ಊರ ಪ್ರೌಢಶಾಲೆಗೂ ತಿಳಿಸಲಿ. ನಾಲ್ಕು ಜನ ವಿದ್ಯಾರ್ಥಿಗಳು ಒಬ್ಬ ಶಿಕ್ಷಕರೊಂದಿಗೆ ಬಂದು ಒಂದು ಇಡೀ ದಿನ ಮನೆಯ ಹಿರಿಯರ ಜೊತೆ ಕೂರಲಿ. ಮೂರನೆಯ ರಾಶಿಯಿಂದಲೇ ಕೆಲಸ ಆರಂಭವಾಗಲಿ. ಪ್ರತಿ ವಸ್ತುವಿಗೂ ನಾಲ್ಕು ಪ್ರಶ್ನೆ ಸಾಕು: ಇದರ ಹೆಸರೇನು, ಯಾರು ಬಳಸುತ್ತಿದ್ದರು, ಯಾತಕ್ಕೆ, ಇದು ಎಲ್ಲಿಂದ ಬಂತು. ಭಾವಚಿತ್ರಗಳ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಹೆಸರು ಬರೆಯಲಿ. ಶಾಯಿ ಬೇಡ, ಅದು ತೇವಕ್ಕೆ ಹಬ್ಬಿ ಚಿತ್ರವನ್ನೇ ಕೆಡಿಸುತ್ತದೆ. ಆಲ್ಬಮ್ಮಿನ ಮುಖಗಳನ್ನು ಗುರುತಿಸಬಲ್ಲವರು ಮನೆಯಲ್ಲಿ ಒಬ್ಬರೇ ಉಳಿದಿರುತ್ತಾರೆ, ಅವರಿಗೆ ಎಂಬತ್ತು ದಾಟಿರುತ್ತದೆ. ಲೆಕ್ಕದ ಪುಸ್ತಕ, ಕಂದಾಯದ ರಸೀದಿ, ಪಾಲುಪಟ್ಟಿಗಳನ್ನು ಮನೆಯವರ ಒಪ್ಪಿಗೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆದು ಒಂದು ಪ್ರತಿ ಮನೆಗೆ, ಒಂದು ಪ್ರತಿ ಶಾಲೆಗೆ ಇಡಲಿ. ಮನೆತನದ ಗುಟ್ಟಿನ ಪತ್ರಗಳನ್ನು ಮುಟ್ಟಬೇಕಾಗಿಲ್ಲ. ಆ ಮರ್ಯಾದೆ ಮೊದಲೇ ಗೊತ್ತಾಗಿರಲಿ. ಬೀಜದ ಗಂಟು ಬಿತ್ತುವವರ ಕೈಸೇರಲಿ. ಹಿತ್ತಲ ಮೂಲೆಯಲ್ಲಿ ಉಳಿದ ಕ್ರಿಮಿನಾಶಕದ ಸೀಸೆ, ಹಳೆಯ ಬ್ಯಾಟರಿ, ಕೆಟ್ಟ ಟ್ಯೂಬ್‌ಲೈಟುಗಳನ್ನು ಹಳ್ಳಕ್ಕೆ ಚೆಲ್ಲದೆ ಪಂಚಾಯಿತಿಯ ಕಸದ ಘಟಕಕ್ಕೆ ಒಪ್ಪಿಸುವುದೂ ಅದೇ ದಿನದ ಕೆಲಸವಾಗಲಿ.

ಇಷ್ಟಾದ ಮೇಲೆ ವೃದ್ಧರು ತಮ್ಮೊಂದಿಗೆ ಒಯ್ಯುವುದು ಒಂದೇ ಪೆಟ್ಟಿಗೆಯಾದರೂ ಸಾಕು. ಆ ಪೆಟ್ಟಿಗೆಯಲ್ಲಿ ಏನಿರಬೇಕೆಂದು ಅವರೇ ನಿರ್ಧರಿಸಲಿ. ಮಕ್ಕಳ ದೃಷ್ಟಿಗೆ ಅದು ಬೆಲೆಯಿಲ್ಲದ ಸವೆದ ಕಡಗೋಲಾಗಿದ್ದರೂ ಸರಿಯೇ. ಉಳಿದದ್ದನ್ನು ಬಿಟ್ಟುಕೊಡುವಾಗ ಅವರ ಎದೆ ಭಾರವಾಗುವುದು ವಸ್ತು ಹೋಗುತ್ತದೆಂಬುದಕ್ಕಿಂತ, ಅದರ ಕತೆಯನ್ನು ಯಾರೂ ಕೇಳಲಿಲ್ಲವೆಂಬುದಕ್ಕೆ. ಕೇಳಿದವರೊಬ್ಬರಿದ್ದರೆ ಕೈ ತಾನಾಗಿ ಸಡಿಲವಾಗುತ್ತದೆ.

ಮಲೆನಾಡಿನ ದೊಡ್ಡ ಮನೆಗಳು ಉಳಿಯಲಾರವು. ಅವುಗಳನ್ನು ಎತ್ತಿ ನಿಲ್ಲಿಸಿದ ಕಾಡೂ ಕೂಡುಕುಟುಂಬವೂ ದುಡಿಮೆಯ ವ್ಯವಸ್ಥೆಯೂ ಇಂದು ಇಲ್ಲ. ಅವುಗಳಲ್ಲಿ ಕೆಲವು ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ಮನೆಗಳಲ್ಲಿ ಕೂಡಿಟ್ಟ ಮಳೆಯ ಲೆಕ್ಕ, ಬೀಜದ ಗುಣ, ಮರದ ಹೆಸರು, ದುಡಿದವರ ಹೆಸರು ಇವು ಮುಂದಿನವರಿಗೆ ಸಲ್ಲಬೇಕಾದ ಪಾಲು. ಈ ಬೇಸಿಗೆಯಲ್ಲಿ ಅಟ್ಟ ಇಳಿಸುವವರು ಬೆಂಕಿಪೆಟ್ಟಿಗೆ ತೆಗೆಯುವ ಮುನ್ನ ಒಂದು ಪೆನ್ಸಿಲ್ಲು ತೆಗೆಯಲಿ.